ಮಡಿಕೇರಿಯಲ್ಲಿ ಮೂರು ದಿನ: ಏನು ತಿನ್ನಬೇಕು, ಯಾವಾಗ ಹೇಳಿಡಬೇಕು

ಪ್ರಶ್ನೆ: ನವೆಂಬರ್ ಕೊನೆಯ ವಾರ ಗುರುವಾರದಿಂದ ಶನಿವಾರದವರೆಗೆ ಮಡಿಕೇರಿಯಲ್ಲಿ ಇರುತ್ತೇವೆ. ತುಮಕೂರಿನಿಂದ ಕುಶಾಲನಗರದ ಮೇಲೆ ಕಾರಿನಲ್ಲಿ ಬರುತ್ತೇವೆ. ಒಟ್ಟು ಆರು ಜನ. ಅತ್ತೆ, ಮಾವ ಶುದ್ಧ ಸಸ್ಯಾಹಾರಿಗಳು, ನಾವಿಬ್ಬರು ಎಲ್ಲ ತಿನ್ನುತ್ತೇವೆ, ಮಕ್ಕಳಿಬ್ಬರಿಗೆ ಖಾರ ಆಗದು. ಹಿಂದಿನ ಸಲ ರಾತ್ರಿ ಹೊತ್ತು ಎರಡು ಕಡೆ ಪಂದಿ ಕರಿ (ಕೊಡವರ ಹಂದಿ ಮಾಂಸದ ಕರಿ) ತಿಂದಿದ್ದೆವು. ಒಂದು ಕಡೆ ವಿನೆಗರ್ ವಾಸನೆ, ಇನ್ನೊಂದು ಕಡೆ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಕಲ್ಲಿನಂತಿತ್ತು. ಈ ಸಲ ಎಲ್ಲಿ ಉಣ್ಣಬೇಕು, ಏನು ಕುಡಿಯಬೇಕು, ಬರುವಾಗ ಏನು ಕೊಂಡು ತರಬೇಕು?

ಉತ್ತರ: ರಾತ್ರಿ ಹೊತ್ತು, ಮೊದಲೇ ಹೇಳಿಡದೆ ಹೋದದ್ದೇ ನಿಮ್ಮ ಕಡಂಬುಟ್ಟಿನ ತೊಂದರೆಗೆ ಮೂಲ, ವಿನೆಗರಿನ ಮಾತು ಮುಂದೆ ಬರುತ್ತದೆ. ಕೊಡವರ ಅಡುಗೆಯೆಂದರೆ ಮನೆಯ ಅಳತೆಯಲ್ಲಿ ಬೆಳೆದದ್ದು. ಕಡಂಬುಟ್ಟಿನಂಥ ಪುಟ್ಟು ಹಬೆಯಿಂದ ಇಳಿದ ಅರ್ಧ ಗಂಟೆಯೊಳಗೆ ತಟ್ಟೆಗೆ ಬಂದುಬಿಡಬೇಕು. ಪಂದಿ ಕರಿ ಸಣ್ಣ ಉರಿಯಲ್ಲಿ ಗಂಟೆಗೂ ಹೆಚ್ಚು ಬೇಯಬೇಕು, ಇಳಿಸಿದ ಮೇಲೆ ಕೆಲವು ಗಂಟೆ ಹಾಗೆಯೇ ಇದ್ದರೆ ಇನ್ನೂ ಚೆನ್ನ. ಮಧ್ಯಾಹ್ನ ಮಾಡಿದ ಕಡಂಬುಟ್ಟನ್ನು ರಾತ್ರಿ ಒಂಬತ್ತಕ್ಕೆ ಮತ್ತೆ ಬಿಸಿ ಮಾಡಿ ಕೊಟ್ಟರೆ ಹೊರಮೈ ಒಣಗಿ, ಒಳಗೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಯಾವ ಒಳ್ಳೆಯ ಅಡುಗೆಯವರೂ ಸರಿ ಮಾಡಲಾರರು.

ಆದ್ದರಿಂದ ಹೋಟೆಲಾಗಲಿ ಹೋಂಸ್ಟೇ ಆಗಲಿ, ಹಿಂದಿನ ದಿನ ಸಂಜೆ ಆರರೊಳಗೆ ಫೋನ್ ಮಾಡಿ. ಎಷ್ಟು ಜನ, ಎಷ್ಟು ಗಂಟೆಗೆ, ಯಾವ ಪುಟ್ಟು, ಸಸ್ಯಾಹಾರಿಗಳು ಎಷ್ಟು ಜನ ಎಂಬ ನಾಲ್ಕು ಸಂಗತಿ ಹೇಳಿದರೆ ಸಾಕು. ನಿಮ್ಮ ಲೆಕ್ಕಕ್ಕೆ ದೊಡ್ಡವರಿಗೆ ತಲಾ ನಾಲ್ಕು, ಮಕ್ಕಳಿಗೆ ತಲಾ ಎರಡರಂತೆ ಇಪ್ಪತ್ತು ಕಡಂಬುಟ್ಟು. ಒಂದು ಕೆಜಿ ಹಂದಿ ಮಾಂಸದ ಕರಿ ಐದಾರು ಜನರಿಗೆ ಆಗುತ್ತದೆ, ತಿನ್ನುವವರು ನೀವಿಬ್ಬರೇ ಆದ್ದರಿಂದ ಅರ್ಧ ಕೆಜಿ ಧಾರಾಳ. ಹೊತ್ತು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ ಇರಲಿ. ಪ್ರವಾಸಿಗರು ಹಗಲೆಲ್ಲ ಅಬ್ಬಿ ಜಲಪಾತ, ರಾಜಾಸೀಟ್ ಸುತ್ತಿ ರಾತ್ರಿ ದೊಡ್ಡ ಊಟಕ್ಕೆ ಕೂರುತ್ತಾರೆ. ಆ ಹೊತ್ತಿಗೆ ಅಡುಗೆಮನೆ ದಣಿದಿರುತ್ತದೆ, ಶನಿವಾರವಾದರೆ ಜನಜಂಗುಳಿ ಬೇರೆ. ದೊಡ್ಡ ಊಟ ಮಧ್ಯಾಹ್ನಕ್ಕಿಟ್ಟು ರಾತ್ರಿ ಗಂಜಿ, ದೋಸೆ, ಇಡ್ಲಿಯಂಥ ಹಗುರದ್ದು ಮಾಡಿಕೊಳ್ಳಿ.

ಹೋಂಸ್ಟೇ ಹಿಡಿಯುವುದಾದರೆ ಕೋಣೆಯ ಚಿತ್ರ ನೋಡುವ ಮೊದಲು "ಅಡುಗೆ ಯಾರು ಮಾಡುತ್ತಾರೆ?" ಎಂದು ಕೇಳಿ. ಮನೆಯವರೇ ಮಾಡುವ ಕಡೆ ಉತ್ತರ ತಟ್ಟನೆ ಬರುತ್ತದೆ. ಹೊರಗಿನಿಂದ ತರಿಸುವ ಕಡೆ "ಎಲ್ಲ ಸಿಗುತ್ತೆ ಸಾರ್, ಚೈನೀಸೂ ಇದೆ" ಎಂಬ ಮಾತು ಬರುತ್ತದೆ. ಊಟಕ್ಕೆಂದೇ ಬರುವ ನಿಮಗೆ ಮೊದಲನೆಯ ಬಗೆಯದು ಬೇಕು. ಪೇಟೆಯೊಳಗೆ ಪ್ರವಾಸಿಗರಿಗೆ ಬಹುಕಾಲದಿಂದ ಗೊತ್ತಿರುವ ಹೆಸರುಗಳೆಂದರೆ ಪ್ರಧಾನ ಅಂಚೆ ಕಚೇರಿಯ ಎದುರಿನ ಕೂರ್ಗ್ ಕ್ವಿಸಿನೆಟ್, ಟೌನ್‌ಹಾಲ್ ಹಿಂದೆ ಪೆನ್ಶನ್ ಲೇನಿನ ರೈನ್‌ಟ್ರೀ. ಇವಕ್ಕೂ ಫೋನ್ ಮಾಡಿಯೇ ಹೋಗಿ. ಬೋರ್ಡು ಹಳೆಯದಿದ್ದರೂ ಒಳಗಿನ ಕೈ ಬದಲಾಗುತ್ತಿರುತ್ತದೆ. ಅದಕ್ಕೇ ತಟ್ಟೆಗೆ ಬಂದದ್ದನ್ನು ನೀವೇ ಪರೀಕ್ಷೆ ಮಾಡುವ ಬಗೆ ತಿಳಿದಿರುವುದು ಹೆಸರುಗಳಿಗಿಂತ ಹೆಚ್ಚು ಉಪಯೋಗ.

ಪಂದಿ ಕರಿಯ ಪರೀಕ್ಷೆ

ಬಣ್ಣ ಮೊದಲು ನೋಡಿ. ಕಡು ಕಂದು, ಹೆಚ್ಚುಕಡಿಮೆ ಕಪ್ಪು. ಈ ಕಪ್ಪು ಬರುವುದು ಎರಡರಿಂದ: ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚಿಟಿಕೆ ಸಾಸಿವೆ, ಮೆಂತ್ಯಗಳನ್ನು ಸೀಯುವ ಅಂಚಿನವರೆಗೆ ಹುರಿದ ಪುಡಿ, ಮತ್ತು ಕಾಚಂಪುಳಿ ಎಂಬ ಹಣ್ಣಿನ ಹುಳಿ. ಕೆಂಪಗೆ ಎಣ್ಣೆ ತೇಲುತ್ತಿದ್ದರೆ ಅದು ಮೆಣಸಿನಪುಡಿಯ ಸಾಧಾರಣ ಹಂದಿ ಸಾರು. ತೆಂಗಿನಕಾಯಿ ಅರೆದು ಹಾಕಿದ್ದರೂ ಹಾಗೆಯೇ, ಪಂದಿ ಕರಿಗೆ ಕಾಯಿ ಇಲ್ಲ. ಮಾಂಸದ ತುಂಡಿನಲ್ಲಿ ಚರ್ಮ, ಕೊಬ್ಬು, ಮಾಂಸ ಮೂರೂ ಇರಬೇಕು. ಬೇಯುವುದು ಆ ಕೊಬ್ಬಿನಲ್ಲೇ, ಬೇರೆ ಎಣ್ಣೆ ಬೇಕಾಗುವುದಿಲ್ಲ. "ಕೊಬ್ಬು ಬೇಡ" ಎಂದು ಹೇಳಿ ಬರೀ ಮಾಂಸ ಹಾಕಿಸಿಕೊಂಡವರಿಗೆ ನಾರುನಾರಾದ ಒಣ ತುಂಡು ಸಿಗುತ್ತದೆ.

ಬಾಯಿಗಿಟ್ಟ ಮೇಲೆ ಹುಳಿ. ಕಾಚಂಪುಳಿ ಎಂದರೆ ಪಣಪುಳಿ ಹಣ್ಣಿನ ರಸ, ಉಪ್ಪಾಗೆ ಎಂದು ಮಲೆನಾಡಿನಲ್ಲಿ ಕರೆಯುವ ಮರದ್ದು. ಮಳೆಗಾಲದಲ್ಲಿ ಉದುರಿದ ಮಾಗಿದ ಹಣ್ಣನ್ನು ರಾಶಿ ಹಾಕಿ, ತಾನಾಗಿ ಜಿನುಗಿ ಇಳಿಯುವ ರಸವನ್ನು ದಿನಗಟ್ಟಲೆ ಹಿಡಿದು, ಅದು ಕಪ್ಪು ಪಾಕದಂತಾಗುವವರೆಗೆ ಕುದಿಸಿ ಇಳಿಸುತ್ತಾರೆ. ಅದರ ಹುಳಿ ನಾಲಿಗೆಯ ಮೇಲೆ ನಿಧಾನವಾಗಿ ಏರಿ ಕೊನೆಯಲ್ಲಿ ಹಣ್ಣಿನ, ಹೊಗೆಯ ಪರಿಮಳ ಬಿಡುತ್ತದೆ. ವಿನೆಗರಿನ ಹುಳಿ ಬಾಯಿಗೆ ಮೊದಲು ಮೂಗಿಗೆ ಹೊಡೆಯುತ್ತದೆ. ಕಾಚಂಪುಳಿ ದುಬಾರಿ, ಹಾಗಾಗಿ ಕೆಲವರು ಅದನ್ನು ಕಡಿಮೆ ಮಾಡಿ ವಿನೆಗರೋ ನಿಂಬೆಯೋ ಹಿಂಡುತ್ತಾರೆ. ನಿಮಗೆ ಹಿಂದಿನ ಸಲ ಸಿಕ್ಕಿದ್ದು ಇದೇ. ಆರ್ಡರ್ ಕೊಡುವಾಗಲೇ "ಕಾಚಂಪುಳಿ ಹಾಕುತ್ತೀರಾ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಹಾಕುವವರಿಗೆ ಆ ಪ್ರಶ್ನೆ ಸಂತೋಷವೇ. ಗ್ರೇವಿ ಇರದ, ಮಸಾಲೆ ಮೈಗೆ ಹತ್ತಿದ ಹುರಿದ ಬಗೆ ಬೇಕಾದರೆ "ಪಂದಿ ಬರ್ತದ್" ಎಂದು ಕೇಳಿ.

ಇನ್ನೊಂದು ಮಾತು. "ಕಾಡುಹಂದಿ ಇದೆ, ಜಿಂಕೆ ಇದೆ" ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ತಿಂದವರೂ ಸಿಕ್ಕಿಬೀಳುತ್ತಾರೆ. ಪಂದಿ ಕರಿ ಸಾಕಿದ ಹಂದಿಯದ್ದೇ.

ಕಡಂಬುಟ್ಟಿಗೆ ಬರೋಣ. ಇದು ಅಕ್ಕಿ ತರಿಯ ಉಂಡೆ. ರವೆಯಷ್ಟು ದಪ್ಪದ ತರಿ ಒಂದು ಲೋಟಕ್ಕೆ ಎರಡು ಲೋಟ ನೀರು, ಉಪ್ಪು. ನೀರು ಕುದಿಯುವಾಗ ತರಿ ಸುರಿದು, ಗಂಟಾಗದಂತೆ ತಿರುವಿ, ನೀರೆಲ್ಲ ಹೀರಿದ ಮೇಲೆ ಮುಚ್ಚಿಟ್ಟು, ಕೈ ತಾಳುವಷ್ಟು ಆರಿದಾಗ ಒದ್ದೆ ಕೈಯಲ್ಲಿ ನಿಂಬೆ ಗಾತ್ರದ ಉಂಡೆ ಕಟ್ಟಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಬೆಯಲ್ಲಿ ಬೇಯಿಸುವುದು. ಹಿಟ್ಟು ಪೂರ್ತಿ ತಣ್ಣಗಾದ ಮೇಲೆ ಕಟ್ಟಿದರೆ ಉಂಡೆ ಬಿರಿಯುತ್ತದೆ, ನೀರು ಹೆಚ್ಚಾದರೆ ಹಲ್ಲಿಗೆ ಅಂಟುತ್ತದೆ. ಒಳ್ಳೆಯ ಕಡಂಬುಟ್ಟನ್ನು ಎರಡು ಬೆರಳಲ್ಲಿ ಮುರಿದರೆ ಒಳಗಿನಿಂದ ಹಬೆ ಬರಬೇಕು, ತರಿ ತರಿಯಾಗಿ ಕಾಣಬೇಕು. ಮುರಿದು ಕರಿಯಲ್ಲಿ ಅದ್ದಿ ತಿನ್ನಿ, ಇಡಿಯಾಗಿ ಮುಳುಗಿಸಿದರೆ ರಸ ಒಳಗೆ ಇಳಿಯದು.

ಮಕ್ಕಳಿಗೆ ಅದನ್ನೇ ಬಿಸಿಬಿಸಿಯಾಗಿ ಮುರಿದು ತುಪ್ಪ, ಜೇನು ಹಾಕಿ ಕೊಡಿ. ಪಾಪುಟ್ಟು ಇನ್ನೂ ಹಿಡಿಸಬಹುದು. ತರಿಗೆ ಹಾಲು, ತೆಂಗಿನತುರಿ ಸೇರಿಸಿ ತಟ್ಟೆಯಲ್ಲಿ ಹಬೆಗಿಟ್ಟು, ತುಂಡು ಮಾಡಿ ಕೊಡುವ ಮೆತ್ತನೆಯ ಪುಟ್ಟು ಅದು, ಖಾರದ ಸೋಂಕೂ ಇಲ್ಲ. ನೂಪುಟ್ಟು ನಮ್ಮ ಒತ್ತುಶ್ಯಾವಿಗೆಯ ನೆಂಟ, ಸಾಮಾನ್ಯವಾಗಿ ಕೋಳಿ ಕರಿಯ ಜೊತೆ. ಎಳೆ ಎಳೆ ಬಿಡಿಸಿಕೊಂಡು ಬಂದರೆ ಅದು ಈಗಷ್ಟೇ ಒತ್ತಿದ್ದು.

ಅತ್ತೆ, ಮಾವನವರ ತಟ್ಟೆಗೆ

ಕೊಡಗಿನಲ್ಲಿ ಸಸ್ಯಾಹಾರಿಗಳಿಗೆ ಏನೂ ಇಲ್ಲ ಎಂಬ ಮಾತು ಎಷ್ಟು ಕಡೆ ಕೇಳಿಬರುತ್ತದೋ ಅಷ್ಟೇ ತಪ್ಪು. ಕೊಡಗಿನದೇ ಒಂದು ಸಮುದಾಯವಾದ ಅಮ್ಮಕೊಡವರು ಸಸ್ಯಾಹಾರಿಗಳೇ. ಉಳಿದವರ ಮನೆಯಲ್ಲೂ ಕಾವೇರಿ ಸಂಕ್ರಮಣದ ದಿನ ಮಾಂಸ ಇಲ್ಲ, ದೋಸೆ ಮತ್ತು ಕುಂಬಳ ಕರಿ. ಹೋಟೆಲಿನ ಪಟ್ಟಿಯಲ್ಲಿ ಇವು ಕಾಣದಿರುವುದಕ್ಕೆ ಯಾರೂ ಕೇಳದಿರುವುದೇ ಕಾರಣ. ನೀವು ಹೇಳಿಡಿ: ಕುಂಬಳ ಕರಿ, ಹುರುಳಿ ಬೇಯಿಸಿದ ರಸವನ್ನು ಗಟ್ಟಿಯಾಗುವವರೆಗೆ ಕುದಿಸಿದ ಮುದ್ರೆ ಕಣ್ಣಿ, ಎಳ್ಳಿನ ಚಟ್ನಿಯಾದ ಎಳ್ಳು ಪಜ್ಜಿ, ಕಾಡ್ ಮಾಂಗೆ ಕರಿ.

ಕಾಡ್ ಮಾಂಗೆ ಕರಿ ತಪ್ಪಿಸಬೇಡಿ. ಬೇಸಗೆಯಲ್ಲಿ ಉದುರುವ ಸಣ್ಣ ಕಾಡುಮಾವಿನ ಹಣ್ಣನ್ನು ಇಡಿಯಾಗಿ, ಬೆಲ್ಲ, ಮೆಣಸು ಹಾಕಿ ಮಾಡುವ ಸಿಹಿ-ಹುಳಿ-ಖಾರದ ಕರಿ. ನವೆಂಬರಿನಲ್ಲಿ ಸಿಗುವುದು ಉಪ್ಪುನೀರಿನಲ್ಲಿ ಹಾಕಿಟ್ಟ ಹಣ್ಣಿನದ್ದು, ಅದೂ ಚೆನ್ನಾಗಿಯೇ ಇರುತ್ತದೆ. ಹಣ್ಣನ್ನು ಕೈಯಲ್ಲಿ ಹಿಡಿದು ಓಟೆ ಚೀಪಬೇಕು, ಚಮಚ ಹಿಡಿದು ಕೂತರೆ ಅರ್ಧ ರುಚಿ ತಟ್ಟೆಯಲ್ಲೇ ಉಳಿಯುತ್ತದೆ.

ಬೈಂಬಳೆ ಮತ್ತು ಕುಮ್ಮು, ಅಂದರೆ ಎಳೆ ಬಿದಿರು ಮತ್ತು ಅಣಬೆ, ಮಳೆಗಾಲದ ವಸ್ತುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳ ಕಾಲ. ಹಸಿ ಎಳೆ ಬಿದಿರಿನಲ್ಲಿ ವಿಷದ ಅಂಶ ಇರುವುದರಿಂದ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿಯೇ ಬೇಯಿಸುತ್ತಾರೆ. ಆ ಹುಳಿ ಹಿಡಿದ ವಾಸನೆ ಕೆಟ್ಟದ್ದರ ಗುರುತೆಂದು ತಿಳಿಯಬೇಡಿ. ಆದರೆ ನೀವು ಬರುವ ಹೊತ್ತಿಗೆ ಕುಮ್ಮು ಕರಿ ಎಂದು ಕೊಡುವುದು ಪೇಟೆಯ ಬಟನ್ ಅಣಬೆ. ಅದಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಮಳೆಗಾಲದಲ್ಲೂ ಕಾಡಿನ ಅಣಬೆಯನ್ನು ರಸ್ತೆ ಬದಿಯಲ್ಲಿ ಕೊಂಡು ಹೋಂಸ್ಟೇಯವರಿಗೆ ಕೊಟ್ಟು ಮಾಡಿಸುವ ಸಾಹಸ ಯಾರೂ ಮಾಡಬಾರದು. ಆರಿಸುವ ಕಣ್ಣು ಮನೆಯವರದ್ದೇ ಆಗಿರಬೇಕು.

ಕಕ್ಕಡ ಮಾಸದ ಮದ್ದು ಸೊಪ್ಪಿನ ಪಾಯಸವೂ ಈ ಸಲ ಸಿಗದು. ಅದು ಆಗಸ್ಟ್ ಮೂರರ ಸುಮಾರಿಗೆ, ಕಕ್ಕಡದ ಹದಿನೆಂಟನೆಯ ದಿನ. ಆ ಹೊತ್ತಿಗೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆ. ಪಾಯಸ ನೇರಳೆ ಬಣ್ಣದ್ದು, ತಿಂದವರಿಗೆ ಮಾರನೆಯ ದಿನ ಮೂತ್ರ ಕೆಂಪಗಾದರೆ ಗಾಬರಿ ಬೇಡ, ಸೊಪ್ಪಿನ ಬಣ್ಣವೇ ಅದು.

ನಿಮ್ಮ ಕಾಲಕ್ಕೆ ಹೊಂದುವುದು ಹುತ್ತರಿ, ಕೊಡವರ ಸುಗ್ಗಿ ಹಬ್ಬ. ಹಬ್ಬ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನೊಳಗೆ ಬೀಳುತ್ತದೆ, ದಿನ ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಪತ್ರಿಕೆಯಲ್ಲಿ ಬಂದ ಕೂಡಲೇ ನಿಮ್ಮ ದಿನಗಳೊಂದಿಗೆ ಹೋಲಿಸಿಕೊಳ್ಳಿ. ಹಬ್ಬದ ರಾತ್ರಿ ಕದಿರು ತೆಗೆದು ಮನೆಗೆ ತರುವ ಹೊತ್ತಿನಲ್ಲಿ ಹೋಂಸ್ಟೇಯವರಿಗೆ ನಿಮ್ಮ ಊಟ ನೋಡಲು ಪುರುಸೊತ್ತಿರದು, ಮೊದಲೇ ಮಾತಾಡಿಕೊಳ್ಳಿ. ಅದೃಷ್ಟವಿದ್ದರೆ ತಂಬುಟ್ಟು ಸಿಗುತ್ತದೆ: ಹುರಿದ ಅಕ್ಕಿ ಹಿಟ್ಟಿಗೆ ಕಳಿತ ಬಾಳೆಹಣ್ಣು ಹಿಸುಕಿ ಕಲಸಿ, ತುಪ್ಪ, ಎಳ್ಳು, ಕಾಯಿತುರಿ ಹಾಕಿ ಕೊಡುವುದು. ಹಣ್ಣು ಸಿಪ್ಪೆ ಕಪ್ಪಾಗುವಷ್ಟು ಕಳಿತಿರದಿದ್ದರೆ ಒಗರು ಉಳಿಯುತ್ತದೆ. ಜೊತೆಗೆ ಹುತ್ತರಿ ಗೆಣಸು. ನಿಮ್ಮ ಮಾವನವರಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಇಡೀ ಪ್ರವಾಸದಲ್ಲಿ ಸಿಗಲಿಕ್ಕಿಲ್ಲ.

ಬೆಳಗಿನ ತಿಂಡಿಗೆ ಅಕ್ಕಿ ಒಟ್ಟಿ ಹೇಳಿ. ಹಳೇ ಮೈಸೂರಿನ ಈರುಳ್ಳಿ, ಸಬ್ಬಸಿಗೆ ಹಾಕಿ ತಟ್ಟುವ ರೊಟ್ಟಿಗೂ ಇದಕ್ಕೂ ಸಂಬಂಧ ಕಡಿಮೆ. ಅನ್ನವನ್ನೂ ಅಕ್ಕಿ ಹಿಟ್ಟನ್ನೂ ಸೇರಿಸಿ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲಿಟ್ಟು ಆಮೇಲೆ ಕೆಂಡದ ಮೇಲೆ ಉಬ್ಬಿಸುತ್ತಾರೆ. ಹತ್ತು ನಿಮಿಷ ಬಿಟ್ಟರೂ ಮೆತ್ತಗಿದ್ದರೆ ಅನ್ನ ಹಾಕಿ ನಾದಿದ್ದು, ಮಡಚಿದಾಗ ಮುರಿದರೆ ಬರೀ ಹಿಟ್ಟಿನದ್ದು. ಎಳ್ಳು ಪಜ್ಜಿ ಇದರ ಜೋಡಿ.

ಪೇಟೆ, ಸಂತೆ, ಬೈಲಕುಪ್ಪೆ

ಗುರುವಾರ ಬರುವ ದಾರಿಯಲ್ಲೇ ಬೈಲಕುಪ್ಪೆಯಲ್ಲಿ ಮಧ್ಯಾಹ್ನದ ಊಟ ಮಾಡಿಕೊಳ್ಳಿ. 1961ರಲ್ಲಿ ಶುರುವಾದ ಟಿಬೆಟನ್ ವಸತಿ ಅದು, ಕುಶಾಲನಗರಕ್ಕೆ ಅಂಟಿದಂತಿದ್ದರೂ ಮೈಸೂರು ಜಿಲ್ಲೆಗೆ ಸೇರಿದ್ದು. ಥುಕ್ಪ, ಅಂದರೆ ನೂಡಲ್ಸ್ ಹಾಕಿದ ಟಿಬೆಟನ್ ಸಾರು, ಒಂದು ಬಟ್ಟಲು ಇಬ್ಬರಿಗೆ ಆಗುತ್ತದೆ. ಮಕ್ಕಳಿಗೆ ಹಬೆಯಲ್ಲಿ ಬೆಂದ ಮೊಮೊ, ಕೆಂಪು ಚಟ್ನಿ ಬೇರೆಯಾಗಿಡಲು ಹೇಳಿ. ಅತ್ತೆ, ಮಾವನವರಿಗೆ ತರಕಾರಿ ಥುಕ್ಪ ಸಿಗುತ್ತದೆ, ಆದರೆ ಅದರ ನೀರು ಮಾಂಸದ ಸಾರಿನದ್ದೋ ಅಲ್ಲವೋ ಎಂದು ಕೇಳಿಕೊಳ್ಳಲೇಬೇಕು. "ವೆಜ್" ಎಂದ ಮಾತ್ರಕ್ಕೆ ಸಾರೂ ವೆಜ್ ಆಗಿರುವುದಿಲ್ಲ. ಬೆಣ್ಣೆ ಚಹಾ ಉಪ್ಪುಪ್ಪಾಗಿರುತ್ತದೆ, ಒಂದು ಲೋಟ ತರಿಸಿ ರುಚಿ ನೋಡಿದರೆ ಸಾಕು. ಅಲ್ಲಿಂದ ಮಡಿಕೇರಿ ಮೂವತ್ತೈದು ಕಿಲೋಮೀಟರಿನಷ್ಟು.

ಶುಕ್ರವಾರ ಮಡಿಕೇರಿ ಸಂತೆ. ಬೆಳಗ್ಗೆ ಎಂಟರಿಂದ ಹತ್ತರೊಳಗೆ ಹೋಗಿ. ಊರಿನ ಸೊಪ್ಪು, ಗೆಣಸು, ಗಾಂಧಾರಿ ಮೆಣಸು, ಬಾಳೆಹಣ್ಣು ತೋಟದಿಂದ ನೇರ ಬಂದಿರುತ್ತವೆ. ಮಹದೇವಪೇಟೆಯ ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವ ಕನಸು ಬೇಡ, ದೂರ ನಿಲ್ಲಿಸಿ ನಡೆಯಿರಿ. ಭಾನುವಾರದವರೆಗೆ ಉಳಿಯುವಂತಾದರೆ ಗೋಣಿಕೊಪ್ಪದ ಸಂತೆಯೂ ಉಂಟು.

ಮಡಿಕೇರಿ, ವಿರಾಜಪೇಟೆಗಳಲ್ಲಿ ಮಲಬಾರಿನ ಕೈಯೂ ದೊಡ್ಡದು. ಬಿರಿಯಾನಿಯಲ್ಲಿ ಬಾಸುಮತಿಗೆ ಬದಲಾಗಿ ಗಿಡ್ಡ ಜೀರಕಶಾಲ ಅಕ್ಕಿ ಇದ್ದರೆ ಅದನ್ನೇ ಆರಿಸಿ. ಮಧ್ಯಾಹ್ನ ಒಂದರ ಸುಮಾರಿಗೆ ದಮ್ ಒಡೆದ ಬಿರಿಯಾನಿ ರಾತ್ರಿಯದಕ್ಕಿಂತ ಎಷ್ಟೋ ಮೇಲು. ಕೊನೆಗೆ ಒಂದು ಸುಲೈಮಾನಿ, ಹಾಲಿಲ್ಲದ ಚಹಾ. ಆ ಮಲಬಾರ್ ಹೋಟೆಲುಗಳಲ್ಲಿ ಪಂದಿ ಕರಿ ಕೇಳಬೇಡಿ. ಹಿರಿಯರಿಗೆ ಪುಟ್ಟು ಸಾಕೆನಿಸಿದ ಹೊತ್ತಿಗೆ ಬಸ್ ನಿಲ್ದಾಣದ ಆಸುಪಾಸಿನ ಸಸ್ಯಾಹಾರಿ ಹೋಟೆಲುಗಳು ಇದ್ದೇ ಇವೆ.

ಕುಡಿಯಲು

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯಲ್ಲಿ ಪ್ರವಾಸಿಗರಿಗೆ ನೀರು ನೀರಾದ ಕಾಫಿ ಸಿಗುವುದು ದುಃಖದ ಮಾತು. ಕೇಳಿ ಕುಡಿಯಬೇಕಾದದ್ದು ಬೆಲ್ಲದ ಕಾಪಿ: ಹಾಲಿಲ್ಲ, ಬೆಲ್ಲ ಹಾಕಿ ಕುದಿಸಿದ ಕಪ್ಪು ಡಿಕಾಕ್ಷನ್. ಮನೆಗಳಲ್ಲಿ ಇಂದಿಗೂ ಇದೇ. ಹೋಂಸ್ಟೇಯಲ್ಲಿ ಬೆಳಗ್ಗೆ ಒಂದು ಲೋಟ ಹೇಳಿಡಿ. ಮಾವನವರಿಗೆ ನಿದ್ದೆ ಸೂಕ್ಷ್ಮವಾಗಿದ್ದರೆ ಸಂಜೆಯ ಮೇಲೆ ಬೇಡ. ಇಲ್ಲಿ ಹೆಚ್ಚು ಬೆಳೆಯುವುದು ರೊಬಸ್ಟಾ, ಅದರಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು.

ಪುಡಿ ಕೊಳ್ಳುವಾಗ ಕೇಳಬೇಕಾದ್ದು "ಚಿಕೋರಿ ಎಷ್ಟು?" ಎಂದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ ಶೇ 49ರವರೆಗೆ ಇರಲು ಕಾನೂನು ಬಿಡುತ್ತದೆ, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು. ಡಿಕಾಕ್ಷನ್ ಕಪ್ಪಗೆ, ದಪ್ಪಗೆ ಕಂಡರೂ ಪರಿಮಳವಿರದಿದ್ದರೆ ಆ ಕಪ್ಪು ಚಿಕೋರಿಯದ್ದು. ನನ್ನ ಸಲಹೆ, ಪುಡಿ ಬಿಟ್ಟು ಹುರಿದ ಬೀಜ ಕೊಳ್ಳಿ. ಹಾಲಿನ ಫಿಲ್ಟರ್ ಕಾಫಿಗೆ ಅರೇಬಿಕಾ ಮತ್ತು ರೊಬಸ್ಟಾ ಅರ್ಧರ್ಧ, ಹಾಲಿಲ್ಲದ್ದಕ್ಕೆ ಬರೀ ಅರೇಬಿಕಾ. ಪುಡಿಯ ಪರಿಮಳ ಎರಡು ಮೂರು ವಾರದಲ್ಲಿ ಹೋಗುತ್ತದೆ, ಹಾಗಾಗಿ ಕಾಲು ಕೆಜಿಗಿಂತ ಹೆಚ್ಚು ಒಮ್ಮೆಗೇ ಪುಡಿ ಮಾಡಿಸಬೇಡಿ. ನೀವು ಬರುವ ಹೊತ್ತಿಗೆ ಅರೇಬಿಕಾ ಕೊಯ್ಲು ನಡೆದಿರುತ್ತದೆ. ತೋಟದಲ್ಲಿ ಕೆಂಪು ಹಣ್ಣು ಬಾಯಿಗಿಟ್ಟು ಸಿಪ್ಪೆಯ ಸಿಹಿ ನೋಡಬಹುದು, ತೋಟದವರನ್ನು ಕೇಳಿ ಕೀಳಬೇಕು ಅಷ್ಟೆ.

"ಹೋಮ್ ಮೇಡ್ ವೈನ್" ಎಂದು ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಬಾಟಲಿಗಳ ಬಗ್ಗೆ ಎಚ್ಚರ. ಅಬಕಾರಿ ಪರವಾನಗಿ ಇಲ್ಲದೆ ಮಾರುವುದು ಕಾನೂನುಬಾಹಿರ. ಲೇಬಲ್ಲಿನಲ್ಲಿ ತಯಾರಕರ ವಿಳಾಸ, ಪರವಾನಗಿ, ಆಲ್ಕೋಹಾಲ್ ಪ್ರಮಾಣ ಇಲ್ಲದ್ದನ್ನು ಮುಟ್ಟಬೇಡಿ. ಹುದುಗು ಪೂರ್ತಿ ನಿಲ್ಲದೆ ಮುಚ್ಚಳ ಹಾಕಿದ ಬಾಟಲಿ ಕಾರಿನ ಬಿಸಿಗೆ ಒಳಗೇ ಉಬ್ಬಿ ಮುಚ್ಚಳ ಹಾರುತ್ತದೆ, ಗಾಜು ಒಡೆಯುವುದೂ ಉಂಟು. ಇನ್ನು ಕೆಲವು ಬರೀ ಸಕ್ಕರೆ ಪಾಕ, ಬಣ್ಣ.

ಕೊಂಡು ತರಲು

ಕಿತ್ತಳೆಯ ಕಾಲ ನವೆಂಬರಿನಲ್ಲಿ ಶುರು. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕೊಡಗಿನ ಕಿತ್ತಳೆ ಹಸಿರು-ಹಳದಿ, ಸಿಪ್ಪೆ ಸಡಿಲ, ರುಚಿ ಹುಳಿ-ಸಿಹಿ. ರಸ್ತೆ ಬದಿಯಲ್ಲಿ ಒಂದೇ ಸಮ ಗಾಢ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ರಾಶಿ ಬಹುಮಟ್ಟಿಗೆ ಹೊರಗಿನಿಂದ ಬಂದದ್ದು. ನೋಟಕ್ಕೆ ಮರುಳಾಗದೆ ಒಂದು ಸುಲಿದು ನೋಡಿ.

ಜೇನಿಗೆ ಬೆಂಕಿಕಡ್ಡಿ ಹಚ್ಚುವುದು, ನೀರಿಗೆ ಬಿಟ್ಟು ನೋಡುವುದು ಯಾವುದೂ ಪರೀಕ್ಷೆಯೇ ಅಲ್ಲ, ಸಕ್ಕರೆ ಪಾಕವೂ ಅವುಗಳಲ್ಲಿ ಪಾಸಾಗುತ್ತದೆ. ಸಹಕಾರ ಸಂಘದ, ಅಗ್‌ಮಾರ್ಕ್ ಇರುವ, ಸೀಲು ಮುರಿಯದ ಬಾಟಲಿ ಕೊಳ್ಳಿ. ಚಳಿಯಲ್ಲಿ ಹರಳುಗಟ್ಟಿದರೆ ಕಲಬೆರಕೆಯೆಂದು ಎಸೆಯಬೇಡಿ, ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ನೊರೆ ಬಂದು ಹುಳಿ ವಾಸನೆ ಹೊಡೆದರೆ ನೀರಿನಂಶ ಶೇ 20ಕ್ಕಿಂತ ಹೆಚ್ಚಿದ್ದು ಹುದುಗಿದೆ ಎಂದರ್ಥ.

ಕಾಳುಮೆಣಸನ್ನು ಒಂದು ಹಿಡಿ ನೀರಿಗೆ ಹಾಕಿಸಿ. ತುಂಬಿದ ಕಾಳು ಮುಳುಗುತ್ತದೆ, ಜೊಳ್ಳು ಮತ್ತು ಬೆರೆಸಿದ ಪಪ್ಪಾಯಿ ಬೀಜ ತೇಲುತ್ತವೆ. ಚಾಕೊಲೇಟ್ ಅಂಗಡಿಗಳಲ್ಲಿ ಪೊಟ್ಟಣದ ಹಿಂದೆ ಕೋಕೋ ಬೆಣ್ಣೆ ಇದೆಯೋ ಬರೀ ವನಸ್ಪತಿ ಕೊಬ್ಬೋ ಓದಿ, ಎರಡನೆಯದಕ್ಕೆ ಇಷ್ಟು ದೂರ ಬರಬೇಕಿಲ್ಲ.

ಇಷ್ಟರಲ್ಲಿ ಒಂದನ್ನೇ ತರುವುದಾದರೆ ಕಾಚಂಪುಳಿ ತನ್ನಿ. ಬಾಟಲಿ ಓರೆ ಮಾಡಿದಾಗ ಜೇನಿನಂತೆ ನಿಧಾನವಾಗಿ ಹರಿದು ಗಾಜಿಗೆ ಕಂದು ಪೊರೆ ಬಿಡಬೇಕು. ನೀರಿನಂತೆ ಜಾರಿದರೆ, ಮುಚ್ಚಳ ತೆಗೆದ ಕೂಡಲೇ ಮೂಗು ಉರಿದರೆ ಬೇಡ. ಕಾಲು ಲೀಟರ್ ಮನೆಗೆ ವರ್ಷ ಸಾಕು, ಕೆಡುವುದಿಲ್ಲ. ಒಂದು ಕೆಜಿ ಮಾಂಸಕ್ಕೆ ಒಂದು ದೊಡ್ಡ ಚಮಚ, ಮಾಂಸ ಬೆಂದ ಮೇಲೆ ಹಾಕಿ ಐದು ನಿಮಿಷ ಕುದಿಸಿ. ಮೀನಿನ ಸಾರಿಗೂ ಆಗುತ್ತದೆ, ಅತ್ತೆಯವರ ತರಕಾರಿ ಗೊಜ್ಜಿಗೆ ಅರ್ಧ ಚಿಕ್ಕ ಚಮಚ ಸಾಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಬಳಸಬೇಡಿ. ಕಾರಿನಲ್ಲಿ ಬಾಟಲಿಯನ್ನು ನೆಟ್ಟಗೆ, ಪ್ಲಾಸ್ಟಿಕ್ ಚೀಲ ಸುತ್ತಿ ಇಡಿ, ಬಟ್ಟೆಗೆ ಹತ್ತಿದರೆ ಆ ಕಲೆ ಹೋಗುವುದಿಲ್ಲ.